ತಾಕ್ ಮೇಸ್ತ್ರಿಯ ‘ಎಲ್ಲಿ’

ಗಾಡಿಯ ರೋಗ ಹೇಳುವ ಮುನ್ನ ಕೋಟು ತೊಡುವ ಮನುಷ್ಯನೊಬ್ಬ ಒಕ್ಸಾನ್ ಪೇಟೆಯಲ್ಲಿದ್ದಾನೆಂದು ಮಲ್‌ಸುನ್ ಅಜ್ಜಿ ಮೊದಲ ಬಾರಿ ಕೇಳಿದ್ದು ಊರಿನ ಸ್ನಾನಗೃಹದಲ್ಲಿ, ಬಿಸಿನೀರಿನ ತೊಟ್ಟಿಯ ಪಕ್ಕದ ಹಲಗೆಯ ಮೇಲೆ ಬೋರಲಾಗಿ ಮಲಗಿ ಬೆನ್ನುಜ್ಜಿಸಿಕೊಳ್ಳುತ್ತಿದ್ದಾಗ. ಎಪ್ಪತ್ಮೂರು ವರ್ಷ ಅದೇ ಸೀಮೆಯಲ್ಲಿ ಬದುಕಿದ್ದರೂ ಆ ಹೆಸರು ಅವಳ ಕಿವಿಗೆ ಬಿದ್ದಿರಲಿಲ್ಲ. ಗಾಡಿಯಿಲ್ಲದ ಮನೆಗೆ ಗಾಡಿ ಮೇಸ್ತ್ರಿಯ ಹೆಸರು ಹಲ್ಲಿಲ್ಲದ ಬಾಯಿಗೆ ಕಡಲೆಯಿದ್ದಂತೆ. ಈಗ ಮನೆಗೆ ಗಾಡಿ ಬಂದಿತ್ತು. ಬಂದ ಇಪ್ಪತ್ತನೆಯ ದಿನಕ್ಕೆ ಕೆಟ್ಟೂ ಹೋಗಿತ್ತು.

“ತಾಕ್ ಮೇಸ್ತ್ರಿ ಹತ್ರ ಹಾಕ್ರಿ ಅಜ್ಜಿ,” ಎಂದಳು ಬೆನ್ನುಜ್ಜುವ ಹೆಂಗಸು, ಅಂಗೈಯಲ್ಲಿ ಬೆನ್ನಿಗೆ ಪಟ್ಟೆಂದು ಬಡಿದು ಮಗ್ಗುಲು ಬದಲಿಸುವಂತೆ ಸೂಚಿಸುತ್ತ. “ಕೈ ಚಿನ್ನ. ಆದ್ರೆ ಯಾರು ಕೆಡಿಸಿದ್ದು ಅಂತ ಮಾತ್ರ ಕೇಳ್ಬೇಡಿ. ಕೊಂದ್ರೂ ಹೇಳಲ್ಲ ಆ ಮನುಷ್ಯ. ಎಲ್ಲಿ ಕೆಟ್ಟಿದೆ ಅಂತ ಕೋಟು ಹಾಕ್ಕೊಂಡು ಬಂದು ಹೇಳ್ತಾನೆ, ಕೋಟು ಬಿಚ್ಚಿಟ್ಟು ಒಳಗೋಗ್ತಾನೆ. ನಮ್ಮ ಯಜಮಾನ್ರು ಒಂದು ಗಂಟೆ ಜಗಳ ಆಡಿದ್ರು. ಅಂಗಡಿ ಗೋಡೆ ಜೊತೆ ಆಡಿದ್ರೆ ಗೋಡೆನಾದ್ರೂ ಒಂದು ಮಾತಾಡ್ತಿತ್ತು!”

ಗಾಡಿ ಕೊಂಡವಳು ಅಜ್ಜಿಯ ಮಗಳು ಯೊನ್‌ಹ್ವಾ. ನಲವತ್ತಾರನೆಯ ವಯಸ್ಸಿನಲ್ಲಿ, ಮೂರು ಸಲ ನಪಾಸಾಗಿ ನಾಲ್ಕನೆಯ ಸಲ ಚಾಲನೆಯ ಪರೀಕ್ಷೆ ಗೆದ್ದು, ಘಾಟಿಯಾಚೆಯ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಹಿಡಿದಿದ್ದಳು. ರೋಗಿಗಳ ಗಂಜಿ ಏಳಕ್ಕೆ ಸಿದ್ಧವಾಗಬೇಕು. ಮೊದಲ ಬಸ್ಸು ಘಾಟಿ ದಾಟುವುದೇ ಎಂಟಕ್ಕೆ. ಗಾಡಿ ಮಾರಿದವನು ಕೂ ಸಾಂಗ್‌ಮಾನ್, ಶಾಲೆಯ ವ್ಯಾನು ಓಡಿಸುವವನು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಹೆಂಡತಿ ತೀರಿಕೊಂಡ ಮೇಲೆ ಅವಳ ಪುಟ್ಟ ಬಿಳಿಯ ಗಾಡಿ ಅಂಗಳದಲ್ಲಿ ನಿಂತು ನಿಂತು ಅವನ ಕಣ್ಣನ್ನು ಚುಚ್ಚುತ್ತಿತ್ತು. “ಯಾರಾದ್ರೂ ಮರ್ಯಾದೆಯಾಗಿ ಓಡಿಸೋರಿಗೆ ಕೊಡಪ್ಪ” ಎಂದು ಅವನಿಗೆ ಹೇಳಿ, ಆ ಮರ್ಯಾದೆಯವಳು ತನ್ನ ಮಗಳೇ ಎಂದು ಸೇರಿಸಿ, ವ್ಯವಹಾರ ಕುದುರಿಸಿದವಳು ಮಲ್‌ಸುನ್ ಅಜ್ಜಿಯೇ.

ಮನೆಗೆ ಗಾಡಿ ಬಂದ ಮೇಲೆ ಗೋಸಾ ಎಂಬ ಪೂಜೆ ಮಾಡದವರು ನಮ್ಮ ಕಡೆ ಕಡಿಮೆ. ಶಕ್ತಿಯಿದ್ದವರು ಹಂದಿಯ ತಲೆಯಿಟ್ಟು ಮಾಡುತ್ತಾರೆ. ಇಲ್ಲದವರು ಕೆಂಪು ಕಾಳು ಉದುರಿಸಿದ ಅಕ್ಕಿಹಿಟ್ಟಿನ ಕಡುಬು, ಬಿಳಿ ನೂಲು ಸುತ್ತಿದ ಒಣಮೀನು ಇಟ್ಟು, ಗಾಡಿಗೆ ಅಡ್ಡಬಿದ್ದು, ಅಕ್ಕಿಯ ಹೆಂಡವಾದ ಮಕ್ಕೊಲ್ಲಿಯನ್ನು ನಾಲ್ಕೂ ಚಕ್ರಗಳಿಗೆ ಎರೆಯುತ್ತಾರೆ. “ಅಮ್ಮ, ವಿಮೆ ಮಾಡ್ಸಿದೀನಿ, ಸಾಕು. ಗಾಡಿಗೆ ಹೆಂಡ ಕುಡ್ಸಿದ್ರೆ ಪೊಲೀಸ್ನೋರು ಹಿಡೀತಾರೆ” ಎಂದು ಯೊನ್‌ಹ್ವಾ ನಕ್ಕುಬಿಟ್ಟಿದ್ದಳು. ಅಜ್ಜಿ ಮಾತ್ರ, ಮಗಳು ತಲೆಗೆ ಬಣ್ಣ ಹಾಕಿಸಿಕೊಳ್ಳಲು ಪೇಟೆಗೆ ಹೋದ ಹೊತ್ತು ನೋಡಿ, ತಾನೇ ಸೂಜಿಯೆಲೆ ಹಾಕಿ ಹುದುಗಿಸಿದ ಮಕ್ಕೊಲ್ಲಿಯ ಜಾಡಿಯನ್ನು ಹೊತ್ತು ಅಂಗಳಕ್ಕೆ ಬಂದಳು. ಎಳೆಯ ಪೈನ್ ಮರದ ಸೂಜಿಯೆಲೆಯ ಆ ವಾಸನೆ ಒಕ್ಸಾನ್‌ನಲ್ಲಿ ಅವಳ ಮನೆಯ ಗುರುತು. ಹಾಗೆ ಹುದುಗಿಸುವವರು ಈಗ ಬೇರೊಬ್ಬರಿಲ್ಲ.

ಚಕ್ರಗಳಿಗೆ ಎರೆದಾದ ಮೇಲೆ ಅಜ್ಜಿಗೆ ಒಂದು ಯೋಚನೆ ಬಂತು. ಚಕ್ರಗಳು ಉರುಳು ಎಂದರೆ ಉರುಳುವ ಆಳುಗಳು, ದುಡಿಯುವವನು ಒಳಗಿದ್ದಾನೆ. ಆಳಿನ ಕಾಲಿಗೆ ಹೆಂಡ ಎರೆದು ಯಜಮಾನನ ಬಾಯಿ ಒಣಗಿಸಿದರೆ ಅದೆಂಥ ಉಪಚಾರ? ಗಾಜಿಗೆ ನೀರು ಹಾಕುವುದನ್ನು ತೋರಿಸುವಾಗ ಸಾಂಗ್‌ಮಾನ್ ಮುಂದಿನ ಮುಚ್ಚಳ ಎತ್ತಿದ್ದನ್ನು ಅವಳು ನೋಡಿಕೊಂಡಿದ್ದಳು. ಎತ್ತಿದಳು. ಒಳಗೆ ಸಾಲಾಗಿ ಮೂರು ಗುಳಿಗಳು, ಗುಳಿಗೊಂದು ಕರಿಯ ಬಿರಡೆ, ಪಂಕ್ತಿಯಲ್ಲಿ ಕೂತ ಮೂವರು ಹಿರಿಯರ ಹಾಗೆ. ಒಬ್ಬೊಬ್ಬರಿಗೂ ಒಂದೊಂದು ಬಟ್ಟಲು ಎರೆದಳು. ನಡುವೆ ಕೂರುವವರು ಯಾವತ್ತಿಗೂ ದೊಡ್ಡವರಲ್ಲವೇ? ಅವರಿಗೆ ಒಂದೂವರೆ.

ಅದಾದ ಒಂಬತ್ತನೆಯ ದಿನ, ಘಾಟಿಯ ಮೂರನೆಯ ತಿರುವಿನಲ್ಲಿ, ಗಾಡಿ ಚಳಿಜ್ವರ ಬಂದವರಂತೆ ನಡುಗತೊಡಗಿತು. ಒತ್ತಿದರೂ ಏರಲೊಲ್ಲದು, ಕುಂಟುತ್ತ ಕೆಮ್ಮುತ್ತ ಬದಿಗೆ ನಿಂತಿತು. ಆಸ್ಪತ್ರೆಯ ಗಂಜಿ ಒಂದು ಗಂಟೆ ತಡವಾಯಿತು. ಅಡುಗೆಮನೆಯ ಮುಖ್ಯಸ್ಥೆ ಬೈಯಲಿಲ್ಲ. ಗೋಡೆಯ ಗಡಿಯಾರವನ್ನು ನೋಡಿದಳು, ಅಷ್ಟೇ. ಯೊನ್‌ಹ್ವಾಗೆ ಆ ನೋಟ ಬೈಗುಳಕ್ಕಿಂತ ಹೆಚ್ಚು ಉರಿಸಿತು.

“ಸಾಂಗ್‌ಮಾನ್‌ಗೆ ಗೊತ್ತಿತ್ತು ಅಮ್ಮ,” ಎಂದಳು ಮನೆಗೆ ಬಂದು. “ಇಂಜಿನ್ನಿಗೆ ನೀರು ಹೊಡ್ದು ತೊಳ್ದು, ಹೊಳಪು ಕೊಟ್ಟು, ನಮ್ಮ ತಲೆಗೆ ಕಟ್ದ. ಭಾನುವಾರ ಅವನ ಬಾಗಿಲಿಗೆ ಹೋಗ್ತೀನಿ. ಸೋಮವಾರ ಸ್ಕೂಲಿಗೆ ಹೋಗ್ತೀನಿ. ಕೆಟ್ಟ ಗಾಡಿ ಅಂತ ಗೊತ್ತಿದ್ದೂ ಮಾರೋನ ಕೈಗೆ ಮಕ್ಕಳನ್ನ ಹೇಗೆ ಕೊಡ್ತೀರಿ ಅಂತ ಕೇಳ್ತೀನಿ.”

ಮಲ್‌ಸುನ್ ಅಜ್ಜಿಗೆ ಶಾಲೆಯ ಮಾತು ಕೇಳಿ ಹೆದರಿಕೆಯಾಯಿತು. ಸಾಂಗ್‌ಮಾನ್‌ಗೆ ಹೆಂಡತಿ ಹೋದ ಮೇಲೆ ಉಳಿದದ್ದು ಆ ವ್ಯಾನು, ಅದರೊಳಗಿನ ಮಕ್ಕಳ ಗಲಾಟೆ. ಒಕ್ಸಾನ್‌ನಂಥ ಊರಿನಲ್ಲಿ ಒಬ್ಬನ ಹೆಸರಿಗೆ ಮಸಿ ಹತ್ತಲು ಒಂದು ಬೆಳಗು ಸಾಕು, ತೊಳೆಯಲು ಒಂದು ಜನ್ಮ ಸಾಲದು. ಆದರೂ ಆಗ ಅವಳು ತನ್ನ ಹೆಂಡದ ಬಟ್ಟಲನ್ನು ನೆನೆಯಲಿಲ್ಲ. ಅವಳಿಗೆ ಅನ್ನಿಸಿದ್ದಿಷ್ಟು: ಪಾಪ, ಗೋಸಾ ಸಾಲದೆ ಹೋಯಿತೇನೋ, ಹಂದಿಯ ತಲೆ ಇಡಬೇಕಿತ್ತು.

ತಾಕ್ ದಲ್‌ಸು ಮೇಸ್ತ್ರಿಯ ಅಂಗಡಿ ಹಳೆಯ ಬಸ್ ನಿಲ್ದಾಣದ ಹಿಂದೆ, ತಗಡಿನ ಮಾಡಿನ ಕೆಳಗಿತ್ತು. ಮೇಸ್ತ್ರಿಗೆ ಆಗ ಅರವತ್ತೆಂಟು. ಕುಳ್ಳು ದೇಹ, ಅಗಲ ಭುಜ. ಎಡಕ್ಕೆ ಒಂದಿಷ್ಟು ವಾಲಿ, ನೆಲದೊಳಗಿನಿಂದ ಯಾರೋ ಪಿಸುಗುಡುವುದನ್ನು ಕೇಳಿಸಿಕೊಳ್ಳುತ್ತ ನಡೆಯುವವರಂತೆ ನಡೆಯುತ್ತಿದ್ದರು. ಬಲಗಿವಿ ಸೈನ್ಯದ ದಿನಗಳಲ್ಲೇ ಕೆಟ್ಟದ್ದು. ಹಾಗಾಗಿ ಲೋಕದ ಸಮಸ್ತ ವ್ಯವಹಾರವೂ ಅವರ ಎಡಗಿವಿಯಿಂದಲೇ ಒಳಹೋಗಬೇಕಿತ್ತು. ಮಿಕ್ಕ ಮೇಸ್ತ್ರಿಗಳಿಗೆ ಗಾಡಿಯ ಒಳಮಾತು ಕೇಳಲು ಯಂತ್ರಗಳಿದ್ದವು. ಇವರಿಗೆ ತಾಯಿಯ ಕೊರಡು ಇತ್ತು. ಹಿಂದೆ ನಮ್ಮ ಹೆಂಗಸರು ಗಂಜಿ ಹಾಕಿದ ಬಟ್ಟೆಯನ್ನು ಕಲ್ಲಿನ ಮೇಲಿಟ್ಟು ಬಡಿದು ನುಣುಪು ಮಾಡುತ್ತಿದ್ದ ಮರದ ಕೊರಡು ಅದು. ಅದರ ಒಂದು ತುದಿಯನ್ನು ಇಂಜಿನ್ನಿಗಿಟ್ಟು, ಇನ್ನೊಂದು ತುದಿಯನ್ನು ಎಡಗಿವಿಯ ಹಿಂದಿನ ಮೂಳೆಗೊತ್ತಿ, ಕಣ್ಣು ಮುಚ್ಚಿ ನಿಂತರೆಂದರೆ ಎದುರಿಗೆ ಬೆಂಕಿ ಬಿದ್ದರೂ ಅಲುಗುತ್ತಿರಲಿಲ್ಲ. ಕೇಳಿ ಮುಗಿದ ಮೇಲೆ ಕೊರಡನ್ನು ಒರೆಸಿ ಗೂಟಕ್ಕೆ ನೇತುಹಾಕಿ, ಸೋಪಿನ ಪುಡಿಯಲ್ಲಿ ಕೈ ತೊಳೆದು, ಒಳಗಿನ ಮೊಳೆಯಿಂದ ಕಪ್ಪು ಕೋಟು ತೆಗೆದು ತೊಡುತ್ತಿದ್ದರು. ಅದು ಅವರ ಮದುವೆಯ ಕೋಟು. ಗುಂಡಿಗಳು ಉದುರಿಹೋಗಿದ್ದರೂ ತೋಳುಗಳಲ್ಲಿ ಎಣ್ಣೆಯ ಒಂದು ಚುಕ್ಕೆಯಿರಲಿಲ್ಲ, ಏಕೆಂದರೆ ಅದು ಗಾಡಿಯನ್ನು ಎಂದೂ ಮುಟ್ಟಿರಲಿಲ್ಲ. ಮಾತನ್ನು ಮಾತ್ರ ಮುಟ್ಟಿತ್ತು.

ಪೇಟೆಯಲ್ಲಿ ಅವರ ಮೇಲೆ ಕಥೆಗಳಿಗೆ ಬರವಿರಲಿಲ್ಲ. ಒಮ್ಮೆ ಅಣ್ಣತಮ್ಮಂದಿರಿಬ್ಬರು ಕೆಟ್ಟ ಟ್ರ್ಯಾಕ್ಟರನ್ನು ಎಳೆದು ತಂದು, ನೀರು ಬೆರೆತ ಡೀಸೆಲ್ ಹಾಕಿದ್ದು ಯಾರೆಂದು ಹೇಳಲೇಬೇಕೆಂದು ಪಟ್ಟು ಹಿಡಿದರಂತೆ. ಮೇಸ್ತ್ರಿ ಕೋಟು ತೊಟ್ಟು ಬಂದು, “ಟ್ಯಾಂಕಿನ ತಳದಲ್ಲಿ” ಎಂದರು. ಯಾರು ಎಂದು ಅಣ್ಣ ಗದರಿದ. “ತಳದಲ್ಲಿ” ಎಂದರು. ಯಾರು ಎಂದು ತಮ್ಮ ಕೂಗಿದ. “ತಳದಲ್ಲಿ, ಎಡಮೂಲೆ” ಎಂದರು. ಕೊನೆಗೆ ಇಬ್ಬರಿಗೂ ಒಟ್ಟಿಗೆ ಸಿಟ್ಟು ಬಂದು, ಮೇಸ್ತ್ರಿಯನ್ನು ಬೈಯುತ್ತ ಜೊತೆಯಾಗಿ ಹೋಗಿ ಒಂದೇ ಮೇಜಿನಲ್ಲಿ ಕುಡಿದರಂತೆ. ಆರು ತಿಂಗಳಿಂದ ಅವರು ಒಂದೇ ಮೇಜಿಗೆ ಕೂತಿರಲಿಲ್ಲ. ಇನ್ನೊಮ್ಮೆ ಅಪಘಾತವೊಂದರ ವಿಚಾರಣೆಗೆ ಪೊಲೀಸರು ಕರೆಸಿ ಮೂರು ಗಂಟೆ ಕೂರಿಸಿ ಹೇಳಿಕೆ ಬರೆಸಿದಾಗ, ಹಾಳೆಯ ಮೇಲೆ ಉಳಿದದ್ದು ಒಂದೇ ಸಾಲು: ಹಿಂದಿನ ಎಡಗಾಲಿ, ಬ್ರೇಕಿನ ಕೊಳವೆ, ಬೆರಳುದ್ದ ಬಿರುಕು. ಇನ್‌ಸ್ಪೆಕ್ಟರು ಪೆನ್ನು ಎಸೆದು, “ನೀವು ಮನುಷ್ಯರನ್ನ ನೋಡೇ ಇಲ್ವೇನ್ರೀ?” ಎಂದು ಕೇಳಿದ್ದಕ್ಕೆ, “ಕೊಳವೆ ನೋಡ್ತಿದ್ದೆ ಸಾರ್” ಎಂದರಂತೆ. ಕೆಲವರು ಇದನ್ನು ಸಾಧುತನವೆಂದರು, ಕೆಲವರು ಹೇಡಿತನವೆಂದರು. ನಮ್ಮ ಪೇಟೆಯಲ್ಲಿ ಈ ಎರಡಕ್ಕೂ ದೊಡ್ಡ ವ್ಯತ್ಯಾಸವಿಲ್ಲ.

ತಾಯಿ ಮಗಳು ಶನಿವಾರ ಮಧ್ಯಾಹ್ನ ಅಂಗಡಿಗೆ ಹೋದಾಗ ಬಿಳಿಯ ಗಾಡಿ ಬಾಯಿ ತೆರೆದು ನಿಂತಿತ್ತು. ಮೇಸ್ತ್ರಿ ಕೊರಡಿನಲ್ಲಿ ಒಂದು ಗುಳಿಯನ್ನು ಆಲಿಸಿ, ಎರಡನೆಯದನ್ನು ಆಲಿಸಿ, ಮೂರನೆಯದನ್ನು ಆಲಿಸಿ, ಮತ್ತೆ ನಡುವಿನದಕ್ಕೆ ಬಂದು ನಿಂತರು. ಆಮೇಲೆ ಇಂಜಿನ್ ಆರಿಸಿ, ನಡುವಿನ ಗುಳಿಯಿಂದ ಗೇಣುದ್ದದ ಕರಿಯ ಬಿರಡೆಯೊಂದನ್ನು ಎಳೆದು ತೆಗೆದರು. ಅದರ ರಬ್ಬರಿನ ಕಾಲಿಗೆ ಬೆಳ್ಳಗೆ, ಅಂಟಂಟಾಗಿ ಏನೋ ಮೆತ್ತಿತ್ತು. ಮೇಸ್ತ್ರಿ ಅದನ್ನು ಮೂಗಿನ ಬಳಿಗೆ ತಂದರು. ಹುಬ್ಬು ಒಂದು ಕೂದಲೆಳೆಯಷ್ಟು ಮೇಲೆದ್ದಿತು. ಸುತ್ತ ನೋಡಿ, ಕಿರುಬೆರಳ ತುದಿಯಿಂದ ಒಂದಿಷ್ಟು ಮುಟ್ಟಿ ನಾಲಿಗೆಗಿಟ್ಟುಕೊಂಡರು. ಅನಂತರ ಕೈ ತೊಳೆದರು. ಕೋಟು ತೊಟ್ಟರು.

“ಅಂದ್ರೆ ಏನಂದ್ರೆ,” ಎಂದು ಶುರುಮಾಡಿದರು. ಅವರ ಮಾತಿಗೆ ಅದೇ ಹೊಸ್ತಿಲು. “ಕಾಯಿಲ್ ಹೋಗಿದೆ. ಇಗ್ನಿಷನ್ ಕಾಯಿಲ್. ಈ ಗಾಡೀಲಿ ಮೂರಿರ್ತವೆ, ಒಂದೊಂದು ಗುಳಿಗೆ ಒಂದೊಂದು. ಹೋಗಿರೋದು ನಡುವಿಂದು.”

“ಕಾಯಿಲ್ ಅಂದ್ರೇನು ಮೇಸ್ತ್ರಿ?” ಎಂದಳು ಅಜ್ಜಿ.

“ಸಂಬಂಧ ಕುದುರ್ಸೋಳು ಅಂತ ಇಟ್ಕೊಳ್ಳಿ ಅಕ್ಕ. ಬ್ಯಾಟರಿ ಮನೇಲಿರೋದು ಬರೀ ಹನ್ನೆರಡು ವೋಲ್ಟು. ಇವಳು ಅದನ್ನೇ ಉಬ್ಬಿಸಿ ಉಬ್ಬಿಸಿ ಇಪ್ಪತ್ತು ಸಾವಿರ ಅಂತಾಳೆ. ಆ ಮಾತು ಕೇಳಿ ಕಿಡಿ ಹಾರುತ್ತೆ, ಪೆಟ್ರೋಲು ಹತ್ತುತ್ತೆ, ಮದುವೆ ಆಗುತ್ತೆ. ಇವಳು ಬಾಯಿ ಮುಚ್ಕೊಂಡ್ರೆ ಮನೇಲಿ ಜಗಳ, ಗಾಡಿ ನಡುಗುತ್ತೆ.”

ಯೊನ್‌ಹ್ವಾಗೆ ನಗು ಬರಲಿಲ್ಲ. “ಮೊದಲೇ ಹೋಗಿತ್ತಾ? ನಾವು ತಗೊಳ್ಳೋಕ್ಕಿಂತ ಮುಂಚೆ?”

“ನಡುವಿಂದು,” ಎಂದರು ಮೇಸ್ತ್ರಿ. “ಗುಳಿ ಒಳಗೆ ತೇವ ಸೇರ್ಕೊಂಡಿದೆ. ಕಿಡಿ ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ಹೋಗ್ದೆ ಪಕ್ಕಕ್ಕೆ ಹಾರಿ ಹಾರಿ ಸುಟ್ಟಿದೆ.”

“ತೇವ! ನಾನು ಹೇಳ್ಲಿಲ್ವಾ ಅಮ್ಮ? ತೊಳ್ದು ಹೊಳಪು ಕೊಟ್ಟು ಮಾರಿದಾನೆ. ಯಾರು ನೀರು ಹೊಡ್ದಿದ್ದು ಅಂತ ನೀವು ಒಂದು ಚೀಟೀಲಿ ಬರ್ಕೊಡಿ ಮೇಸ್ತ್ರಿ.”

“ಎಲ್ಲಿ ಅಂತ ಬರ್ಕೊಡ್ತೀನಿ.”

“ಎಲ್ಲಿ ಅನ್ನೋದು ನಂಗೆ ಯಾಕ್ರೀ ಬೇಕು? ಎಲ್ಲಿ ಅನ್ನೋದು ಗಾಡಿ ಒಳಗಿದೆ. ಯಾರು ಅನ್ನೋದು ಊರೊಳಗಿದೆ!”

ಮೇಸ್ತ್ರಿ ಕೋಟು ಬಿಚ್ಚಿದರು. ಯೊನ್‌ಹ್ವಾ ಕಾಲಪ್ಪಳಿಸಿ, ಸೋಮವಾರಕ್ಕೆ ಆಸ್ಪತ್ರೆಗೆ ಕರೆದೊಯ್ಯಲು ಬೇರೆ ಯಾರಾದರೂ ಸಿಗುವರೋ ಎಂದು ಫೋನು ಮಾಡಲು ಬೀದಿಗೆ ಹೋದಳು.

ಆಗ ಮೇಸ್ತ್ರಿ ಮಾಡಿದ್ದನ್ನು ಮಲ್‌ಸುನ್ ಅಜ್ಜಿ ಸಾಯುವವರೆಗೂ ಮರೆಯುವವಳಲ್ಲ. ಅವರು ಆ ಕರಿಯ ಬಿರಡೆಯನ್ನು, ಎರಡೂ ಕೈಗಳಲ್ಲಿ, ಹಿರಿಯರಿಗೆ ಬಟ್ಟಲು ನೀಡುವ ಹಾಗೆ ಅವಳ ಮುಂದೆ ಹಿಡಿದರು. ಅಜ್ಜಿ ಮೂಸಿದಳು. ಸುಟ್ಟ ರಬ್ಬರಿನ ಅಡಿಯಿಂದ, ಎಣ್ಣೆಯ ಅಡಿಯಿಂದ, ಹುಳಿಯಾಗಿ, ತಣ್ಣಗೆ, ಎಳೆಯ ಸೂಜಿಯೆಲೆಯ ವಾಸನೆ ಬಂತು. ಟೈರೊಂದರ ಮೇಲೆ ಕೂತುಬಿಟ್ಟಳು.

“ಸೂಜಿಯೆಲೆ ಚೆನ್ನಾಗಿ ಹುದುಗಿದೆ,” ಎಂದರು ಮೇಸ್ತ್ರಿ, ಮುಖದಲ್ಲಿ ಒಂದು ಗೆರೆಯೂ ಅಲುಗದೆ. “ಒಂದು ವಾರ ಹೆಚ್ಚೇ ಆಯ್ತೇನೋ.”

“ಮೇಸ್ತ್ರಿ, ನಾನು…”

ಅವರು ಅಂಗೈ ಎತ್ತಿ ತಡೆದರು. “ನಂಗೆ ಹೇಳ್ಬೇಡಿ ಅಕ್ಕ. ನಾನು ಗಾಡಿ ರಿಪೇರಿಯೋನು.”

“ಮಗಳಿಗೆ ಕಾಯಿಲ್ ಹಳೇದಾಗಿತ್ತು ಅಂತ ಹೇಳ್ಬಿಡಿ. ನಿಮ್ಮ ಮಾತು ಅಂದ್ರೆ ನಂಬ್ತಾಳೆ. ಅಲ್ಲಿಗೆ ಎಲ್ಲಾ ಮುಗೀತು. ಸಾಂಗ್‌ಮಾನೂ ಉಳೀತಾನೆ, ನಾನೂ ಉಳೀತೀನಿ.”

ಮೇಸ್ತ್ರಿ ಬಿರಡೆಯನ್ನು ತಿರುಗಿಸಿ ನೋಡಿದರು. “ಕಾಯಿಲ್ ಹಳೇದೇ. ಅದು ನಿಜ, ಅದನ್ನ ಹೇಳ್ತೀನಿ. ಹಳೇದಾಗಿದ್ರಿಂದ ಕೆಟ್ಟಿತು ಅನ್ನಲ್ಲ. ಅದು ಇನ್ನೂ ನಾಲ್ಕು ವರ್ಷ ದುಡೀತಿತ್ತು. ಸತ್ತಿರೋದ್ರ ಮೇಲೆ ಸುಳ್ಳು ಹೇಳ್ಬಾರ್ದು.” ಆಮೇಲೆ ಗಾಡಿಯ ಕಡೆ ತಿರುಗಿ, ತಮಗೆ ತಾವೇ ಅನ್ನುವಂತೆ ಸೇರಿಸಿದರು: “ಹೊಸ ಕಾಯಿಲ್ ನನ್ನ ಕಪಾಟಲ್ಲೇ ಇದೆ. ಗುಳಿಗಳನ್ನ ಒರೆಸಿ ಹಾಕೋಕೆ ಅರ್ಧ ಗಂಟೆ. ನಾಳೆ ಸಂಜೆಗೆ ತಗೊಂಡೋಗಿ ಅಂತೀನಿ. ಹೇಳ್ಬೇಕಾದೋರಿಗೆ ಹೇಳೋಕೆ ಬೆಳಗ್ಗೆ ಪೂರ್ತಿ ನಿಮ್ಮದು.”

ಆ ರಾತ್ರಿಯ ಊಟದಲ್ಲಿ ಅಜ್ಜಿ ಹೇಳಬೇಕೆಂದು ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಮೂಲಂಗಿಯ ಹೋಳನ್ನು ಬಾಯಿಗೆ ಹಾಕಿಕೊಂಡಳು. ಮಗಳ ಎದುರು ತಪ್ಪೊಪ್ಪುವುದು ಅವಳಿಗೆ ಅಷ್ಟು ಕಷ್ಟವಿರಲಿಲ್ಲ. ಮೂಢಮುದುಕಿ ಎಂದು ಬೈದಾಳು, ಬೈಯಲಿ. ಅವಳನ್ನು ಕಚ್ಚುತ್ತಿದ್ದದ್ದು ಬೇರೆ. ಗಂಡ ಸತ್ತ ಮೇಲೆ ಇಪ್ಪತ್ತೊಂದು ವರ್ಷ, ಈ ಮನೆಯಲ್ಲಿ ಏನು ಕೆಟ್ಟರೂ ಮಗಳು ಮೊದಲು ಕೂಗುತ್ತಿದ್ದದ್ದು “ಅಮ್ಮ, ನೋಡು” ಎಂದು. ಒಮ್ಮೆ ಕೆಡಿಸಿದವಳು ಅಮ್ಮನೇ ಎಂದಾದರೆ ಆ ಕೂಗು ನಿಂತುಹೋದೀತೇ ಎಂಬ ಭಯ ಅವಳಿಗೆ.

ಭಾನುವಾರ ಬೆಳಗ್ಗೆ ಇಬ್ಬರೂ ನಡೆದುಕೊಂಡೇ ಸಾಂಗ್‌ಮಾನನ ಮನೆಗೆ ಹೋದರು. ದಾರಿಯುದ್ದಕ್ಕೂ ಯೊನ್‌ಹ್ವಾ ತಾನು ಆಡಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದಳು. ಅಜ್ಜಿ ಒಂದೊಂದು ಹೆಜ್ಜೆಗೂ ಒಂದೊಂದು ಮಾತನ್ನು ಕಳೆದುಕೊಳ್ಳುತ್ತಿದ್ದಳು. ಸಾಂಗ್‌ಮಾನ್ ಜಗಲಿಯಲ್ಲಿ ಕೂತು ಒಣಗಿಸಲು ಪರ್ಸಿಮನ್ ಹಣ್ಣಿನ ಸಿಪ್ಪೆ ಹೆರೆಯುತ್ತಿದ್ದ. ಬಂದವರನ್ನು ನೋಡಿ ಎದ್ದವನೇ ಒಳಗೆ ಓಡಿಹೋಗಿ ಹೂವಿನ ಬಟ್ಟೆಯ ದಿಂಬೊಂದನ್ನು ತಂದ. “ಇದು ಅವಳು ಗಾಡೀಲಿ ಕೂರೋವಾಗ ಹಾಕ್ಕೊತಿದ್ದದ್ದು. ಸೀಟು ತಗ್ಗು ಅಂತ. ಗಾಡಿ ಜೊತೆ ಕೊಡೋದು ಮರ್ತಿದ್ದೆ. ನಾನೇ ತರೋಣ ಅಂತಿದ್ದೆ,” ಎಂದ. ಅದು ಅವನ ಮಟ್ಟಿಗೆ ಒಂದು ಭಾಷಣ.

ಯೊನ್‌ಹ್ವಾ ದಿಂಬನ್ನು ಮುಟ್ಟಲಿಲ್ಲ. “ಸಾಂಗ್‌ಮಾನ್ ಅಣ್ಣ, ನಿಮ್ಮ ಗಾಡಿ…” ಎಂದು ಶುರುಮಾಡಿದಳು.

“ನಾನು ಕೆಡಿಸ್ದೆ,” ಎಂದಳು ಮಲ್‌ಸುನ್ ಅಜ್ಜಿ.

ಅದು ಅವಳ ಬಾಯಿಂದ ಬಂತೋ, ಹೊಟ್ಟೆಯಿಂದ ಬಂತೋ, ತುಸು ಜೋರಾಗಿಯೇ ಬಂತು. ಪಕ್ಕದ ಮನೆಯ ನಾಯಿ ಬೊಗಳಿತು. ಮೊದಲ ಮಾತು ಬಿದ್ದ ಮೇಲೆ ಉಳಿದವು ಹಿಂದೆಯೇ ಬಂದವು: ಗೋಸಾ, ಮುಚ್ಚಳ, ಮೂವರು ಹಿರಿಯರು, ಮೂರೂವರೆ ಬಟ್ಟಲು. “ಇವಳು ನಿನ್ನ ಬೈಯೋಕೆ ಬಂದಿದ್ಳಪ್ಪ. ನಾಳೆ ಸ್ಕೂಲಿಗೂ ಹೋಗೋಳಿದ್ಳು. ನಾನು ನಿನ್ನೆ ಮಧ್ಯಾಹ್ನದಿಂದ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ಹೆಂಡ ಹಾಕಿದ್ದು ಮುದುಕಿ ಬುದ್ಧಿ, ಅದನ್ನ ಬಿಟ್ಬಿಡು. ಬಾಯಿ ಮುಚ್ಕೊಂಡಿದ್ದು ನನ್ನ ತಪ್ಪು. ಅದಕ್ಕೆ ಬೈಯಪ್ಪ.”

ಸಾಂಗ್‌ಮಾನ್ ಹೆರೆಯುವ ಚಾಕುವನ್ನು ಕೆಳಗಿಟ್ಟ. ಯೊನ್‌ಹ್ವಾಳ ಮುಖವನ್ನೂ ನೋಡಿದ, ಅಜ್ಜಿಯ ಮುಖವನ್ನೂ ನೋಡಿದ. “ನಾವೂ ಗೋಸಾ ಮಾಡಿದ್ವಿ ಚಿಕ್ಕಮ್ಮ, ಆ ಗಾಡಿ ಬಂದಾಗ,” ಎಂದ ನಿಧಾನವಾಗಿ. “ಅವಳೇ ಎರೆದಿದ್ದು. ಆದ್ರೆ ಚಕ್ರಕ್ಕೆ.” ಹೇಳುತ್ತ ಹೇಳುತ್ತ ಅವನ ತುಟಿ ಅದುರಿತು, ಅಳುತ್ತಾನೇನೋ ಎಂದು ಇಬ್ಬರೂ ಹೆದರುವಷ್ಟರಲ್ಲಿ ಅವನು ನಕ್ಕುಬಿಟ್ಟ. ಹೆಂಡತಿಯ ಮಣ್ಣಿನ ದಿನದಿಂದ ಅವನು ನಕ್ಕಿದ್ದನ್ನು ಒಕ್ಸಾನ್‌ನಲ್ಲಿ ಯಾರೂ ಕಂಡಿರಲಿಲ್ಲ.

ಯೊನ್‌ಹ್ವಾ ಮಾತ್ರ ನಗಲಿಲ್ಲ. ಸಾಂಗ್‌ಮಾನ್‌ಗೆ ಸೊಂಟ ಬಗ್ಗಿಸಿ ತಲೆತಗ್ಗಿಸಿದಳು, ದಿಂಬನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು, ವಾಪಸು ದಾರಿಯಲ್ಲಿ ತಾಯಿಗಿಂತ ಹತ್ತು ಹೆಜ್ಜೆ ಮುಂದೆ ನಡೆದಳು. ಸೇತುವೆಯ ಹತ್ತಿರ ನಿಂತು, ತಿರುಗದೆಯೇ ಕೇಳಿದಳು: “ನಡುವಿನವ್ರಿಗೆ ಯಾಕಮ್ಮ ಒಂದೂವರೆ?”

“ದೊಡ್ಡೋರಲ್ವೇನೇ.”

ಯೊನ್‌ಹ್ವಾಳ ಭುಜಗಳು ಕುಲುಕಿದವು. “ಸಂಜೆ ಮೇಸ್ತ್ರಿ ಹತ್ರ ನೀನೇ ಬಾ. ಗಾಡಿ ಶುರುವಾಗತ್ತೋ ಇಲ್ವೋ ನೀನೇ ನೋಡು,” ಎಂದಳು. ಆ ‘ನೋಡು’ ಕಿವಿಗೆ ಬಿದ್ದಾಗ ಅಜ್ಜಿ ಸೇತುವೆಯ ಕಟಾಂಜನ ಹಿಡಿದುಕೊಂಡು ಸ್ವಲ್ಪ ಹೊತ್ತು ನೀರು ನೋಡುತ್ತ ನಿಂತಳು.

ಮೇಸ್ತ್ರಿ ಆ ಸಂಜೆ ಗಾಡಿ ಒಪ್ಪಿಸುವಾಗ ಏನೂ ಕೇಳಲಿಲ್ಲ. ಬೆಳಗ್ಗೆ ಏನಾಯಿತೆಂದು ಅಜ್ಜಿ ತಾನಾಗಿ ಹೇಳಿದಾಗ ಎಡಗಿವಿ ಕೊಟ್ಟು ಕೇಳಿಸಿಕೊಂಡರು. “ಬಾಗಿಲಲ್ಲೇ ಹೇಳಿದ್ರಾ? ಕೂತ್ಕೊಳ್ಳೋಕ್ಕೂ ಮುಂಚೆ?” ಎಂದರು. ಹೌದೆಂದಳು. ಅವರು ತಲೆಯಾಡಿಸಿದ ರೀತಿ, ತಮಗೆ ತಿಳಿಯದ ಯಾವುದೋ ಗಾಡಿಯನ್ನು ಬೇರೆ ಮೇಸ್ತ್ರಿಯೊಬ್ಬ ಬಿಚ್ಚಿ ಜೋಡಿಸಿದ್ದನ್ನು ಕಂಡವರಂತಿತ್ತು.

ಅಲ್ಲಿಂದ ಮುಂದೆ ಸಂತೆಗೆ ಬಂದಾಗಲೆಲ್ಲ ಅಜ್ಜಿ ಆ ತಗಡಿನ ಮಾಡಿನ ಕೆಳಗೆ ಕೂರುತ್ತಿದ್ದಳು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಯಾವುದಾದರೂ ಗಾಡಿಯ ಒಡೆಯ ‘ಯಾರು ಯಾರು’ ಎಂದು ಕೂಗಾಡಿ ಹೋದ ಮೇಲೆ ಅಜ್ಜಿ, “ಇವತ್ತಿಂದು ಎಲ್ಲಿ ಮೇಸ್ತ್ರಿ?” ಎಂದು ಕೇಳುವಳು, ಅವರು “ಹಿಂದೆ, ಬಲಕ್ಕೆ” ಎನ್ನುವರು, ಅಲ್ಲಿಗೆ ಅವತ್ತಿನ ಹರಟೆ ಮುಗಿಯಿತು. ಎರಡು ವರ್ಷ ಹೀಗೆ ಸಾಗಿ, ಮೇಸ್ತ್ರಿಯ ಕೈ ನಡುಗಲು ತೊಡಗಿತು. ನಡುಗುವ ಕೈ ಗಾಡಿ ಮುಟ್ಟಬಾರದೆಂದು ಅವರೇ ತೀರ್ಮಾನಿಸಿ, ಒಂದು ವಸಂತದಲ್ಲಿ ಅಂಗಡಿಯ ಬಾಗಿಲೆಳೆದರು. ಬಾಗಿಲೆಳೆದ ಮರುವಾರ ಬಸ್ಸು ಹಿಡಿದು ಅಜ್ಜಿಯ ಮನೆಗೆ ಬಂದು, ಅಂಗಳದಲ್ಲೇ ನಿಂತು, ಅವಳು ಎಂದೂ ಕೇಳದಿದ್ದುದನ್ನು ಹೇಳಿದರು.

ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವರು ಬಸ್ ಕಂಪನಿಯೊಂದರ ಶೆಡ್ಡಿನಲ್ಲಿದ್ದರು. ಘಾಟಿಯಲ್ಲಿ ಬಸ್ಸೊಂದರ ಚಕ್ರ ಕಳಚಿ ಮಗುಚಿಕೊಂಡಿತು. ಯಾರೂ ಸಾಯಲಿಲ್ಲ, ಮೂವರಿಗೆ ಮೂಳೆ ಮುರಿಯಿತು. ಆ ಚಕ್ರ ಬಿಗಿದವರು ಯಾರೆಂದು ಮೇಲಿನವರು ಸಾಲಾಗಿ ನಿಲ್ಲಿಸಿ ಕೇಳಿದಾಗ, ಇವರು ಮುಂದೆ ಬಂದು, “ಮನ್‌ಬೊಕ್” ಎಂದರು. ಅದು ಸುಳ್ಳಲ್ಲ, ಬಿಗಿದವನು ಮನ್‌ಬೊಕ್ಕೇ, ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದ ಗೆಳೆಯ. ಅವನನ್ನು ಅಂದೇ ಕಳಿಸಿದರು. ಆ ಹೆಸರಿನವನಿಗೆ ಮತ್ತೆ ಯಾವ ಶೆಡ್ಡಿನಲ್ಲೂ ಕೆಲಸ ಸಿಗಲಿಲ್ಲ. ಐದು ತಿಂಗಳ ಮೇಲೆ ಗುಜರಿಯಲ್ಲಿ ಬಿದ್ದಿದ್ದ ಆ ಚಕ್ರದ ಬೋಲ್ಟು ಇವರ ಕಣ್ಣಿಗೆ ಬಿತ್ತು. ಗರಗಸದಿಂದ ಕೊಯ್ದು ನೋಡಿದರೆ, ಎರಕ ಹೊಯ್ದ ದಿನವೇ ಒಳಗೆ ಹುಟ್ಟಿದ್ದ ಒಂದು ಬಿರುಕು. ಬಿಗಿದವನ ಕೈಗೆ ಅದರ ಸುದ್ದಿಯೇ ಇರಲಿಲ್ಲ.

“ಎಲ್ಲಿ ಅಂತ ನೋಡೋಕ್ಕೂ ಮುಂಚೆ ಯಾರು ಅಂತ ಹೇಳ್ಬಿಟ್ಟೆ ಅಕ್ಕ,” ಎಂದರು. “ಹೋಗಿ ಹೇಳ್ಬೇಕು ಹೇಳ್ಬೇಕು ಅಂತ ನಲವತ್ತೆರಡು ವರ್ಷ ಆಯ್ತು. ಮನ್‌ಬೊಕ್ ಬದುಕಿದಾನೆ. ಮಗನ ಮನೇಲಿದಾನಂತೆ, ಘಾಟಿ ಆಚೆ.”

ಗುರುವಾರ ಯೊನ್‌ಹ್ವಾಳೇ ಇಬ್ಬರನ್ನೂ ಬಿಳಿಯ ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ಮನ್‌ಬೊಕ್ಕನ ಮಗನಿರುವ ಎತ್ತರದ ಕಟ್ಟಡದ ಮುಂದೆ ಇಳಿಸಿದಳು. ಘಾಟಿಯ ತಿರುವುಗಳಲ್ಲಿ ಮೇಸ್ತ್ರಿ ಒಂದು ಸಲವೂ ಇಂಜಿನ್ನಿಗೆ ಕಿವಿಗೊಡಲಿಲ್ಲ. ಲಿಫ್ಟಿನಲ್ಲಿ ಮೇಲೇರುವಾಗ ಅಜ್ಜಿ ಅವರ ನಡುಗುವ ಕೈಯನ್ನು ನೋಡಿದಳು. ನೋಡುತ್ತ, ಇಷ್ಟು ದಿನ ತನಗೆ ಹೊಳೆಯದೆ ಹೋದದ್ದು ಹೊಳೆಯಿತು. ಯಾರ ಮೇಲೂ ತಪ್ಪು ಹೊರಿಸದವರನ್ನು ನಾವು ಸಾಧುಗಳೆನ್ನುತ್ತೇವೆ, ಇಲ್ಲವೇ ಹೇಡಿಗಳೆನ್ನುತ್ತೇವೆ. ಅವರು ಎರಡೂ ಅಲ್ಲ. ಒಮ್ಮೆ, ಒಂದೇ ಒಂದು ಸಲ, ಒಬ್ಬರ ಹೆಗಲಿಗೆ ಅದನ್ನು ಏರಿಸಿ, ಅದರ ಭಾರವೆಷ್ಟೆಂದು ಆಮೇಲೆ ತಿಳಿದವರು ಅವರು. ಅಂಥವರು ಲೋಕದ ಮಿಕ್ಕೆಲ್ಲ ಹೆಸರುಗಳನ್ನೂ ಕಾಪಾಡುತ್ತ ಓಡಾಡುತ್ತಾರೆ, ಏಕೆಂದರೆ ಕಾಪಾಡಲಾಗದ ಒಂದು ಹೆಸರು ಅವರ ನಾಲಿಗೆಯ ಕೆಳಗೆ ಕರಗದೆ ಉಳಿದಿರುತ್ತದೆ. ಪರರ ತಪ್ಪಿನ ಮುಂದೆ ಅಷ್ಟು ಮೆತ್ತಗಾಗುವ ಆ ನಾಲಿಗೆ ತನ್ನ ತಪ್ಪಿನ ಮುಂದೆ ಮರದ ತುಂಡಾಗುವುದೂ ಅದಕ್ಕೇ.

ಮನ್‌ಬೊಕ್ಕನ ಮಗನ ಮನೆಯ ಬಾಗಿಲ ಮುಂದೆ, ಕರೆಗಂಟೆಯ ಮೇಲೆ ಬೆರಳಿಟ್ಟು ಒತ್ತದೆ, ತಾಕ್ ಮೇಸ್ತ್ರಿ ಅವಳ ಕಡೆ ತಿರುಗಿದರು. ಆ ಚಳಿಗಾಲ ಬರುವಷ್ಟರಲ್ಲಿ ಅವರು ತೀರಿಕೊಂಡರು. ಅವಳಲ್ಲಿ ಅವರು ಏನಾದರೂ ಕೇಳಿಕೊಂಡದ್ದು ಅದೇ ಕೊನೆ.

“ಅಕ್ಕ, ನೀವು ಏನೂ ಮಾತಾಡ್ಬೇಡಿ. ಸುಮ್ನೆ ಪಕ್ಕದಲ್ಲಿ ನಿಂತಿರಿ. ಬಾಗಿಲು ತೆಗೆದ ಮೇಲೆ ನಾನು ಬೋಲ್ಟು, ಬಿರುಕು, ಎಲ್ಲಿ ಅಂತ ಶುರುಮಾಡಿದ್ರೆ ಮಾತ್ರ, ಜೋರಾಗಿ ಒಂದ್ಸಲ ತಿವೀರಿ.”